ವಿಂಡೋಸ್ ಅಳಿಸದೆ ಲಿನಕ್ಸ್ ನೋಡುವುದು ಹೇಗೆ?

(ಒಂದು ಸಂಜೆಯ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೇಷ್ಟ್ರುಗಳಿದ್ದೀರಿ, ಡಿಟಿಪಿ ಮಾಡುವವರಿದ್ದೀರಿ, ಅಂಗಡಿ ಲೆಕ್ಕ ಬರೆಯುವವರಿದ್ದೀರಿ, ಕತೆ-ಲೇಖನ ಬರೆಯುವವರೂ ಇದ್ದೀರಿ. ಲಿನಕ್ಸ್ ಅಂದರೆ ವಿಂಡೋಸ್‌ನ ಹಾಗೆಯೇ ಕಂಪ್ಯೂಟರ್ ನಡೆಸುವ ಇನ್ನೊಂದು ಸಿಸ್ಟಮ್. ಅದರ ಹೆಸರು ಎತ್ತಿದ ಕೂಡಲೇ ನಿಮ್ಮಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: "ಹಾಕಿಸಿದರೆ ನನ್ನ ಫೈಲ್‌ಗಳು ಹೋಗಿಬಿಡುತ್ತವಾ?" ಈ ಭಯ ಸುಳ್ಳಲ್ಲ. ಹಾಗೆ ಕಳೆದುಕೊಂಡವರು ಇದ್ದಾರೆ. ಆದರೆ ಅವರು ಕಳೆದುಕೊಂಡಿದ್ದು ಲಿನಕ್ಸ್‌ನಿಂದ ಅಲ್ಲ, ಒಂದೆರಡು ಸ್ಕ್ರೀನುಗಳಲ್ಲಿ ಓದದೆ ಒತ್ತಿದ ಬಟನ್‌ನಿಂದ. ಆ ಸ್ಕ್ರೀನುಗಳು ಯಾವುವು, ಅಲ್ಲಿಗೆ ಹೋಗುವ ಮೊದಲು ಏನೇನು ಮಾಡಿಟ್ಟುಕೊಳ್ಳಬೇಕು ಅನ್ನುವುದೇ ಇವತ್ತಿನ ಮಾತು.

ಈ ಪ್ರಶ್ನೆ ಈಗ ಯಾಕೆ ಜಾಸ್ತಿ ಬರುತ್ತಿದೆ ಅಂತ ನಿಮಗೆ ಗೊತ್ತಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಆದರೆ ಬಹುತೇಕ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು ಅನ್ನುತ್ತದೆ. 2016ರಲ್ಲಿ ಕೊಂಡ, 8 ಜಿಬಿ ರ್‍ಯಾಮ್ ಇರುವ, ಇವತ್ತಿಗೂ ಚೆನ್ನಾಗಿ ಓಡುವ ಲ್ಯಾಪ್‌ಟಾಪ್ ಈ ಲೆಕ್ಕದಲ್ಲಿ ಹೊರಗೆ ಬೀಳುತ್ತದೆ. ಮನೆ ಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್‌ವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಸಿಗುವ ವ್ಯವಸ್ಥೆ ಇದೆ. ಹಾಗಾಗಿ ನಾಳೆ ಬೆಳಿಗ್ಗೆಯೇ ಬದಲಾಯಿಸಬೇಕು ಅಂತೇನಿಲ್ಲ. ಇದು ಒಳ್ಳೆಯದೇ, ಏಕೆಂದರೆ ಅವಸರದಲ್ಲಿ ಮಾಡಬಾರದ ಕೆಲಸ ಇದು.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಲಿನಕ್ಸ್ ನೋಡಲು ಲಿನಕ್ಸ್ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಪೆನ್‌ಡ್ರೈವ್‌ನಿಂದಲೇ ಇಡೀ ಸಿಸ್ಟಮ್ ಶುರುವಾಗುತ್ತದೆ, ರ್‍ಯಾಮ್‌ನಲ್ಲಿ ಓಡುತ್ತದೆ, ನಿಮ್ಮ ಹಾರ್ಡ್ ಡಿಸ್ಕ್ ಮುಟ್ಟುವುದಿಲ್ಲ. ಇದಕ್ಕೆ ಲೈವ್ ಅನ್ನುತ್ತಾರೆ. ಹೊಸ ಸಂಗತಿಯೇನಲ್ಲ. 2000ದಲ್ಲಿ ಬಂದ ನೊಪಿಕ್ಸ್ ಅನ್ನುವ ಲಿನಕ್ಸ್ ಆವೃತ್ತಿ ಸಿಡಿಯಿಂದಲೇ ಓಡುತ್ತಿತ್ತು. 2004ರಲ್ಲಿ ಶುರುವಾದ ಉಬುಂಟು ಅನ್ನುವ ಇನ್ನೊಂದು ಆವೃತ್ತಿ ಕೇಳಿದವರ ಮನೆಗೆ ಅಂಚೆಯಲ್ಲಿ ಉಚಿತವಾಗಿ ಸಿಡಿ ಕಳಿಸುತ್ತಿತ್ತು, 2011ರವರೆಗೆ. ಇಲ್ಲಿ ಕೆಲವರ ಕಪಾಟಿನಲ್ಲಿ ಆ ಸಿಡಿ ಇನ್ನೂ ಇರಬಹುದು.

ಹೊಸಬರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್. ಕೆಳಗೆ ಎಡಮೂಲೆಯಲ್ಲಿ ಮೆನು, ಅದರ ಪಕ್ಕ ತೆರೆದ ಕಿಟಕಿಗಳು, ಬಲಕ್ಕೆ ಗಡಿಯಾರ. ವಿಂಡೋಸ್ ಬಳಸಿದ ಕೈಗೆ ಹೊಸದನ್ನು ಕಲಿಯುವ ಹೊರೆ ಕಡಿಮೆ. ಉಬುಂಟು, ಫೆಡೋರಾ ಕೂಡ ಚೆನ್ನಾಗಿವೆ. ಯಾವುದು ಒಳ್ಳೆಯದು ಅನ್ನುವ ಚರ್ಚೆಯಲ್ಲಿ ತಿಂಗಳುಗಟ್ಟಲೆ ಕಳೆಯಬೇಡಿ. ಒಂದನ್ನು ಹಿಡಿದು ಶುರು ಮಾಡಿ.

ಅಧಿಕೃತ ಜಾಲತಾಣದಿಂದ ಐಎಸ್‌ಒ ಫೈಲ್, ಅಂದರೆ ಇಡೀ ಸಿಸ್ಟಮ್ ಇರುವ ಒಂದೇ ಫೈಲ್, ಇಳಿಸಿಕೊಳ್ಳಿ. ಜೊತೆಗೆ ಕೊಟ್ಟಿರುವ ಎಸ್‌ಎಚ್‌ಎ 256 ಸಂಖ್ಯೆಗೆ ನಿಮ್ಮ ಫೈಲ್ ಹೊಂದುತ್ತದಾ ನೋಡಿ. ಅರ್ಧಕ್ಕೆ ನಿಂತ ಡೌನ್‌ಲೋಡ್‌ನಿಂದ ಮಾಡಿದ ಪೆನ್‌ಡ್ರೈವ್ ಎಲ್ಲೋ ಮಧ್ಯದಲ್ಲಿ ಕೈಕೊಡುತ್ತದೆ, ನೀವು ಲಿನಕ್ಸ್‌ನ್ನು ಬೈಯುತ್ತೀರಿ. ಆಮೇಲೆ ರೂಫಸ್ ಅಥವಾ ಬಲೀನಾ ಎಚರ್ ಅನ್ನುವ ತಂತ್ರಾಂಶ ಬಳಸಿ ಪೆನ್‌ಡ್ರೈವ್‌ಗೆ ಬರೆಯಿರಿ. 8 ಜಿಬಿಯದು ಸಾಕು. ನೆನಪಿರಲಿ, ಆ ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಮಗಳ ಮದುವೆಯ ಫೋಟೊ ಇರುವ ಪೆನ್‌ಡ್ರೈವ್ ಇದಕ್ಕೆ ಬೇಡ.

ಕಂಪ್ಯೂಟರ್ ಆನ್ ಆಗುವಾಗ ಬೂಟ್ ಮೆನು ಕೀ ಒತ್ತಬೇಕು. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪೆನ್‌ಡ್ರೈವ್ ಆರಿಸಿದರೆ ಸ್ವಲ್ಪ ಹೊತ್ತಿನಲ್ಲಿ ಡೆಸ್ಕ್‌ಟಾಪ್ ಬರುತ್ತದೆ. ಅಲ್ಲಿ "ಇನ್‌ಸ್ಟಾಲ್" ಅಂತ ಒಂದು ಐಕಾನ್ ಕಾಣುತ್ತದೆ. ಇವತ್ತಿಗೆ ಅದರ ತಂಟೆಗೆ ಹೋಗಬೇಡಿ.

ಇನ್ನು ಏನು ನೋಡಬೇಕು? ವೇಗವನ್ನು ಅಲ್ಲ. ಪೆನ್‌ಡ್ರೈವ್ ನಿಧಾನ, ಅದರಿಂದ ಓಡುವ ಸಿಸ್ಟಮ್ ಕೂಡ ನಿಧಾನ. ನೋಡಬೇಕಾದ್ದು ನಿಮ್ಮ ಯಂತ್ರದ ಅಂಗಾಂಗಗಳನ್ನು. ವೈಫೈ ಸಿಗುತ್ತದಾ? ಸದ್ದು ಬರುತ್ತದಾ? ಪರದೆಯ ಬೆಳಕು ಕಡಿಮೆ-ಜಾಸ್ತಿ ಮಾಡುವ ಕೀ ಕೆಲಸ ಮಾಡುತ್ತದಾ? ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತದಾ? ಬ್ಲೂಟೂತ್, ಕ್ಯಾಮೆರಾ, ಟಚ್‌ಪ್ಯಾಡ್? ಮುಖ್ಯವಾಗಿ ಪ್ರಿಂಟರ್. ಎಚ್‌ಪಿ ಪ್ರಿಂಟರ್‌ಗಳಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ನಮ್ಮ ಕಡೆ ಜೆರಾಕ್ಸ್ ಅಂಗಡಿ, ಕಚೇರಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಲಿನಕ್ಸ್‌ನಲ್ಲಿ ಡ್ರೈವರ್ ಕೂರಿಸುವುದು ನಿಜಕ್ಕೂ ತಲೆನೋವು. ಅಂಥ ವಿಷಯ ಇನ್‌ಸ್ಟಾಲ್ ಮಾಡಿದ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗಲಿ.

ಕನ್ನಡ ಟೈಪಿಂಗ್ ಅಂತೂ ಲೈವ್‌ನಲ್ಲೇ ನೋಡಿಬಿಡಿ. ಕೀಬೋರ್ಡ್ ಸೆಟಿಂಗ್ಸ್‌ಗೆ ಹೋಗಿ ಹೊಸ ಲೇಔಟ್ ಸೇರಿಸುವಾಗ ಕನ್ನಡದ ಕೆಳಗೆ "ಕಗಪ, ಫೊನೆಟಿಕ್" ಅಂತ ಒಂದು ಸಿಗುತ್ತದೆ. ನುಡಿ ಬಳಸಿದವರಿಗೆ ವ್ಯಂಜನಗಳ ಜಾಗ ಕೂಡಲೇ ಗುರುತು ಸಿಗುತ್ತದೆ. ಸ್ವರಗಳು ಮಾತ್ರ ನುಡಿಯ ಹಾಗೆ ತಾವಾಗಿಯೇ ಹೊಂದಿಕೊಳ್ಳುವುದಿಲ್ಲ, ಆಗ ಕೈ ತಡವರಿಸುತ್ತದೆ. ಅದು ಸರಿಹೋಗಬೇಕಾದರೆ ಐಬಸ್ ಎಂ17ಎನ್ ಅನ್ನುವ ಪ್ಯಾಕೇಜ್ ಹಾಕಿಕೊಂಡು ಅದರಲ್ಲಿರುವ ಕನ್ನಡ ಕೆಜಿಪಿ ಆರಿಸಬೇಕು. ಇದು ನುಡಿಗೆ ತುಂಬಾ ಹತ್ತಿರ. ಲೈವ್‌ನಲ್ಲೂ ಇಂಟರ್‌ನೆಟ್ ಇದ್ದರೆ ಇದನ್ನು ಹಾಕಿ ನೋಡಬಹುದು. ಆಫ್ ಮಾಡಿದ ಕೂಡಲೇ ಅಳಿಸಿಹೋಗುತ್ತದೆ ಅಷ್ಟೇ. ಫಾಂಟ್ ಬೇಕಾದರೆ ಗುಬ್ಬಿ, ನವಿಲು, ಲೋಹಿತ್, ನೋಟೊ ಎಲ್ಲ ಉಚಿತವಾಗಿ ಸಿಗುತ್ತವೆ.

ಲೈವ್ ಬೇಡ, ವಿಂಡೋಸ್ ಓಡುತ್ತಿರುವಾಗಲೇ ಒಂದು ಕಿಟಕಿಯಲ್ಲಿ ಲಿನಕ್ಸ್ ನೋಡಬೇಕು ಅನ್ನುವವರಿಗೆ ವರ್ಚುವಲ್‌ಬಾಕ್ಸ್ ಅನ್ನುವ ತಂತ್ರಾಂಶ ಇದೆ. ವಿಂಡೋಸ್ ಕಣ್ಣಿಗೆ ಅದು ಒಂದು ದೊಡ್ಡ ಫೈಲ್ ಮಾತ್ರ. ಬೇಡ ಅನಿಸಿದರೆ ಅಳಿಸಿ. ಕಮಾಂಡ್ ಕಲಿಯಲು, ಲಿಬ್ರೆ ಆಫೀಸ್ ಅನ್ನುವ ಉಚಿತ ಆಫೀಸ್ ತಂತ್ರಾಂಶದಲ್ಲಿ ಕೈ ಪಳಗಿಸಲು ಇದು ಬಹಳ ಒಳ್ಳೆಯದು. ಆದರೆ ವೈಫೈ, ಬ್ಯಾಟರಿ ಇವೆಲ್ಲ ಹೇಗೆ ಅಂತ ಇದರಲ್ಲಿ ತಿಳಿಯುವುದಿಲ್ಲ. 4 ಜಿಬಿ ರ್‍ಯಾಮ್ ಇರುವ ಯಂತ್ರದಲ್ಲಿ ಇದನ್ನು ಪ್ರಯತ್ನಿಸುವುದು ಸುಮ್ನೆ ಹಿಂಸೆ.

ಈಗ ನಿಜವಾಗಿ ಹಾಕುವ ವಿಷಯಕ್ಕೆ ಬರೋಣ. ಒಂದೇ ಡಿಸ್ಕ್‌ನಲ್ಲಿ ಎರಡೂ ಇರುವುದು. ಇಲ್ಲಿಂದ ಮುಂದೆ ಹುಷಾರಾಗಿ ಕೇಳಿ.

ಡಿಸ್ಕ್‌ನ ಆರಂಭದಲ್ಲಿ ಪಾರ್ಟಿಷನ್ ಟೇಬಲ್ ಅಂತ ಒಂದು ಸಣ್ಣ ದಾಖಲೆ ಇರುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಯಾರ ಜಾಗ ಅಂತ ಅದರಲ್ಲಿ ಬರೆದಿರುತ್ತದೆ. ಡಿಸ್ಕ್‌ನ ಪಹಣಿ ಅಂದುಕೊಳ್ಳಿ. ಪಹಣಿಯಲ್ಲಿ ಹೆಸರು ಅಳಿಸಿದರೆ ಹೊಲ ಮಾಯವಾಗುವುದಿಲ್ಲ, ಆದರೆ ನಿಮ್ಮದು ಅಂತ ತೋರಿಸಲು ಆಗುವುದಿಲ್ಲ. ಬೇರೆಯವರು ಬಂದು ಉತ್ತಿಬಿಟ್ಟರೆ ಮುಗಿಯಿತು.

ನಮ್ಮಲ್ಲಿ ಬಹಳ ಜನ ನಂಬಿರುವ ಮಾತೊಂದಿದೆ: "ಎಲ್ಲಾ ಡಿ ಡ್ರೈವ್‌ನಲ್ಲಿ ಇಟ್ಟಿದ್ದೀನಿ, ಸೇಫ್." ಕಂಪ್ಯೂಟರ್ ಜೋಡಿಸಿ ಕೊಡುವವರು ಒಂದೇ ಡಿಸ್ಕ್‌ನ್ನು ಸಿ, ಡಿ, ಇ ಅಂತ ಭಾಗ ಮಾಡಿಕೊಡುತ್ತಾರೆ. ವಿಂಡೋಸ್ ಕೆಟ್ಟರೆ ಸಿ ಮಾತ್ರ ಫಾರ್ಮ್ಯಾಟ್ ಮಾಡುತ್ತಾರೆ, ಡಿ ಉಳಿಯುತ್ತದೆ. ವರ್ಷಗಟ್ಟಲೆ ಹೀಗೇ ನಡೆದು ಡಿ ಅಂದರೆ ಬ್ಯಾಕಪ್ ಅನ್ನುವ ಭಾವನೆ ಬೇರೂರಿದೆ. ಲಿನಕ್ಸ್ ಇನ್‌ಸ್ಟಾಲರ್‌ಗೆ ಸಿ, ಡಿ ಅನ್ನುವ ಹೆಸರುಗಳೇ ಗೊತ್ತಿಲ್ಲ. ಅದು ಎಸ್‌ಡಿಎ, ಎನ್‌ವಿಎಂಇ ಅಂತ ಇಡೀ ಡಿಸ್ಕ್‌ನ್ನು ತೋರಿಸುತ್ತದೆ. ಅಲ್ಲಿ "ಎರೇಸ್ ಡಿಸ್ಕ್" ಒತ್ತಿದರೆ ಸಿ, ಡಿ, ಇ ಮೂರೂ ಒಟ್ಟಿಗೆ ಹೋಗುತ್ತವೆ. ನಾನು ಮೊದಲು ಹೇಳಿದ ಸ್ಕ್ರೀನ್ ಇದೇ. ಫೈಲ್ ಕಳೆದುಕೊಂಡವರ ಕತೆಗಳಲ್ಲಿ ಹೆಚ್ಚಿನವು ಇಲ್ಲೇ ನಡೆದಿವೆ.

ಹಾಗಾಗಿ ಮೊದಲ ಕೆಲಸ ಬ್ಯಾಕಪ್. ಬ್ಯಾಕಪ್ ಅಂದರೆ ಈ ಯಂತ್ರದಿಂದ ಹೊರಗೆ, ಬೇರೆ ಡಿಸ್ಕ್‌ನಲ್ಲಿ ಇರುವುದು. ಅದನ್ನು ಬಿಚ್ಚಿ ತೆಗೆದು, ಬೇರೆ ಕಂಪ್ಯೂಟರ್‌ಗೆ ಹಾಕಿ, ನಾಲ್ಕಾರು ಫೈಲ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ಮೇಲೆ ನನಗೆ ನಂಬಿಕೆ ಇಲ್ಲ. ಬರೀ ಡಾಕ್ಯುಮೆಂಟ್ಸ್ ಸಾಲದು. ಟ್ಯಾಲಿ ಡೇಟಾ ಫೋಲ್ಡರ್, ನುಡಿ ಫಾಂಟುಗಳು, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಡೆಸ್ಕ್‌ಟಾಪ್ ಮೇಲೆ ಚೆಲ್ಲಿದ ಫೈಲ್‌ಗಳು, ಎಲ್ಲ ಬರಲಿ. ಜೊತೆಗೆ ಮೈಕ್ರೋಸಾಫ್ಟ್‌ನವರೇ ಕೊಡುವ ಟೂಲ್‌ನಿಂದ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ಒಂದನ್ನು ಮಾಡಿಟ್ಟುಕೊಳ್ಳಿ. ವಿಂಡೋಸ್ ಬೂಟ್ ಆಗದೆ ಹೋದರೆ ರಿಪೇರಿಗೆ ಅದು ಬೇಕಾಗುತ್ತದೆ.

ಎರಡನೆಯದು ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ. ಇದರ ಬಗ್ಗೆ ಜಾಸ್ತಿ ಹೇಳುತ್ತೇನೆ, ಏಕೆಂದರೆ ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ದೊಡ್ಡ ಅಪಾಯ ಇದೇ. ನಿಮಗೆ ಗೊತ್ತಿಲ್ಲದೆಯೇ ನಿಮ್ಮ ಡಿಸ್ಕ್ ಗೂಢಲಿಪಿಯಲ್ಲಿ ಇರಬಹುದು. ಹೋಮ್ ಆವೃತ್ತಿಯಲ್ಲಿ ಇದನ್ನು "ಡಿವೈಸ್ ಎನ್‌ಕ್ರಿಪ್ಷನ್" ಅನ್ನುತ್ತಾರೆ. ಬೀಗದ ಕೈ ಟಿಪಿಎಂ ಚಿಪ್‌ನಲ್ಲಿರುತ್ತದೆ. ದಿನವೂ ವಿಂಡೋಸ್ ತಾನೇ ತೆರೆದುಕೊಳ್ಳುವುದರಿಂದ ಬೀಗ ಇದೆ ಅಂತ ನಿಮಗೆ ಅನಿಸುವುದೇ ಇಲ್ಲ. ಚಿಪ್ ಆ ಕೈ ಕೊಡುವ ಮೊದಲು ಯಂತ್ರದ ಬೂಟ್ ಸ್ಥಿತಿ ಮೊದಲಿನಂತೆಯೇ ಇದೆಯಾ ಅಂತ ಪರೀಕ್ಷಿಸುತ್ತದೆ. ಬಯೋಸ್‌ನಲ್ಲಿ, ಅಂದರೆ ಯಂತ್ರದ ಮೂಲ ಸೆಟಿಂಗ್ಸ್‌ನಲ್ಲಿ, ಸೆಕ್ಯೂರ್ ಬೂಟ್ (ನಂಬಿಕೆಯ ಬೂಟ್ ಫೈಲ್‌ಗಳನ್ನು ಮಾತ್ರ ಓಡಲು ಬಿಡುವ ಕಾವಲು) ಆಫ್ ಮಾಡಿದಿರಿ ಅನ್ನಿ, ಅದಕ್ಕೆ ಅನುಮಾನ ಬರುತ್ತದೆ. ಆಗ ನೀಲಿ ಪರದೆಯಲ್ಲಿ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಇಲ್ಲದಿದ್ದರೆ ಯಾರೂ ತೆರೆಯಲಾರರು. ಮೈಕ್ರೋಸಾಫ್ಟ್‌ನವರಿಗೆ ಫೋನ್ ಮಾಡಿದರೂ ಆಗದು.

ಆ ಕೀ ಎಲ್ಲಿರುತ್ತದೆ? ಮೊದಲ ಸಲ ವಿಂಡೋಸ್ ಸೆಟಪ್ ಮಾಡುವಾಗ ಯಾವ ಮೈಕ್ರೋಸಾಫ್ಟ್ ಖಾತೆ ಹಾಕಿದ್ದರೋ ಸಾಮಾನ್ಯವಾಗಿ ಅದರಲ್ಲಿ. ನಮ್ಮ ಕಡೆ ಏನಾಗುತ್ತದೆ ಅಂದರೆ, ಲ್ಯಾಪ್‌ಟಾಪ್ ಮಾರಿದವರೇ ಯಾವುದೋ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟಿರುತ್ತಾರೆ. ಅಥವಾ ಓದುತ್ತಿದ್ದ ಮಗ ತನ್ನ ಕಾಲೇಜಿನ ಇಮೇಲ್ ಹಾಕಿರುತ್ತಾನೆ. ಕಾಲೇಜು ಮುಗಿದಿದೆ, ಇಮೇಲ್ ಮುಚ್ಚಿದೆ, ಕೀ ಅದರೊಳಗಿದೆ. ಇದನ್ನು ಇವತ್ತೇ ಮನೆಗೆ ಹೋಗಿ ನೋಡಿ, ಲಿನಕ್ಸ್ ಹಾಕದಿದ್ದರೂ ಪರವಾಗಿಲ್ಲ. ಸೆಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿ. ಇದ್ದರೆ ಖಾತೆಗೆ ಲಾಗಿನ್ ಆಗಿ ಕೀ ಹುಡುಕಿ ಕಾಗದದ ಮೇಲೆ ಬರೆದಿಡಿ. ಅದೇ ಲ್ಯಾಪ್‌ಟಾಪ್‌ನೊಳಗೆ ನೋಟ್‌ಪ್ಯಾಡ್‌ನಲ್ಲಿ ಇಟ್ಟರೆ ಪ್ರಯೋಜನವಿಲ್ಲ, ಅಲ್ವಾ? ಲಿನಕ್ಸ್ ಹಾಕುವವರು ಎನ್‌ಕ್ರಿಪ್ಷನ್ ಪೂರ್ತಿ ಆಫ್ ಮಾಡಿ, ಡಿಸ್ಕ್‌ನ ಗೂಢಲಿಪಿ ಪೂರ್ತಿ ಬಿಡಿಸಿ ಮುಗಿಯುವವರೆಗೆ ಕಾಯುವುದು ಸುಲಭದ ದಾರಿ. ಅದು ನಡೆಯುವಾಗ ಚಾರ್ಜರ್ ಹಾಕಿರಲಿ.

ಮೂರನೆಯದು ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8ರಿಂದ ಬಂದದ್ದು. ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ಒಳಗಿನ ಭಾಗ ನಿದ್ದೆ ಮಾಡುತ್ತದೆ, ಫೈಲ್‌ಗಳ ಲೆಕ್ಕ ಅರ್ಧಕ್ಕೆ ನಿಂತಿರುತ್ತದೆ. ಆಗ ಲಿನಕ್ಸ್‌ನಿಂದ ಆ ಜಾಗಕ್ಕೆ ಏನಾದರೂ ಬರೆದರೆ ಎರಡರ ಲೆಕ್ಕ ತಾಳೆಯಾಗದೆ ಫೈಲ್ ಕೆಡಬಹುದು. ಅದಕ್ಕೇ ಲಿನಕ್ಸ್ ಅಂಥ ಪಾರ್ಟಿಷನ್‌ನ್ನು ಓದಲು ಮಾತ್ರ ತೆರೆಯುತ್ತದೆ ಅಥವಾ ತೆರೆಯುವುದೇ ಇಲ್ಲ. ಒತ್ತಾಯ ಮಾಡಬೇಡಿ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಯ್ಕೆಗಳಲ್ಲಿ ಇದನ್ನು ಆಫ್ ಮಾಡಿ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕೊಟ್ಟರೂ ಆ ಹೊತ್ತಿಗೆ ಪೂರ್ತಿ ಮುಚ್ಚುತ್ತದೆ.

ಇಷ್ಟಾದ ಮೇಲೆ ಜಾಗ ಮಾಡುವುದು. ವಿಂಡೋಸ್‌ನ ಪಾರ್ಟಿಷನ್‌ನ್ನು ವಿಂಡೋಸ್‌ನಿಂದಲೇ ಕುಗ್ಗಿಸಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ "ಶ್ರಿಂಕ್ ವಾಲ್ಯೂಮ್". 60 ಜಿಬಿ ಸಿಕ್ಕರೆ ಆರಾಮ. ಆ ಖಾಲಿ ಜಾಗವನ್ನು ಫಾರ್ಮ್ಯಾಟ್ ಮಾಡದೆ ಹಾಗೇ ಬಿಡಿ. ವಿಂಡೋಸ್ ಒಮ್ಮೆ ರೀಸ್ಟಾರ್ಟ್ ಮಾಡಿ, ಸರಿಯಾಗಿ ಏಳುತ್ತದಾ ನೋಡಿ. ಆಮೇಲೆ ಲೈವ್ ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲರ್ ತೆರೆದು "ಅಲಾಂಗ್‌ಸೈಡ್", ಅಂದರೆ ಪಕ್ಕದಲ್ಲಿ ಹಾಕು ಅನ್ನುವ ಆಯ್ಕೆ ತೆಗೆದುಕೊಳ್ಳಿ. ಕೊನೆಗೆ ಏನೇನು ಬದಲಾಗುತ್ತದೆ ಅಂತ ಒಂದು ಪಟ್ಟಿ ತೋರಿಸುತ್ತದೆ. ಅಲ್ಲಿ ನಿಲ್ಲಿ. ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ನೀವು ಬಿಟ್ಟ 60 ಜಿಬಿ ಜಾಗ ಮಾತ್ರ ಆ ಪಟ್ಟಿಯಲ್ಲಿದೆಯಾ ಅಂತ ಗಾತ್ರ ನೋಡಿ ತಾಳೆ ಹಾಕಿ. ಅನುಮಾನ ಬಂದರೆ ಹಿಂದೆ ಬನ್ನಿ. ಅಲ್ಲಿಯವರೆಗೆ ಏನೂ ಆಗಿರುವುದಿಲ್ಲ.

ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣುವುದೇ ಇಲ್ಲ ಅಂದರೆ, ಬಯೋಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ ಅನ್ನುವ ಡಿಸ್ಕ್ ಸೆಟಿಂಗ್ ಸಾಮಾನ್ಯವಾಗಿ ಆನ್ ಇರುತ್ತದೆ. ತಯಾರಿ ಇಲ್ಲದೆ ಅದನ್ನು ಬದಲಾಯಿಸಿದರೆ ವಿಂಡೋಸ್ ಏಳುವುದಿಲ್ಲ. ಗಾಬರಿ ಬೇಡ, ಮೊದಲಿನ ಹಾಗೆ ಇಟ್ಟರೆ ಎದ್ದೇಳುತ್ತದೆ.

ಡೆಸ್ಕ್‌ಟಾಪ್ ಇರುವವರಿಗೆ, ಎರಡನೇ ಡಿಸ್ಕ್ ಹಾಕಲು ಜಾಗ ಇರುವವರಿಗೆ ನನ್ನ ಸಲಹೆಯೇ ಬೇರೆ. ಒಂದು ಸಣ್ಣ ಎಸ್‌ಎಸ್‌ಡಿ ಕೊಳ್ಳಿ. ವಿಂಡೋಸ್ ಇರುವ ಡಿಸ್ಕ್‌ನ ಕೇಬಲ್ ಬಿಚ್ಚಿಡಿ, ಹೊಸದರಲ್ಲಿ ಲಿನಕ್ಸ್ ಹಾಕಿ, ಮತ್ತೆ ಕೇಬಲ್ ಸಿಕ್ಕಿಸಿ. ಬಿಚ್ಚಿಟ್ಟ ಡಿಸ್ಕ್‌ನ್ನು ಯಾವ ಇನ್‌ಸ್ಟಾಲರ್ ಕೂಡ ಅಳಿಸಲಾರದು. ಕೇಬಲ್ ಬಿಚ್ಚುವುದು ಯಾಕೆ ಅಂದರೆ, ಹೊಸ ಡಿಸ್ಕ್ ಆರಿಸಿದರೂ ಕೆಲವು ಇನ್‌ಸ್ಟಾಲರ್‌ಗಳು ಬೂಟ್ ಫೈಲ್‌ಗಳನ್ನು ಮೊದಲ ಡಿಸ್ಕ್‌ನಲ್ಲಿ ಬೂಟ್‌ಗೆಂದೇ ಮೀಸಲಾದ ಇಎಫ್‌ಐ ಜಾಗದಲ್ಲೇ ಇಡುತ್ತವೆ. ನನ್ನನ್ನು ಕೇಳಿದರೆ, ಖರ್ಚಿಗೆ ತಕ್ಕ ನೆಮ್ಮದಿ ಈ ದಾರಿಯಲ್ಲೇ ಇದೆ.

ಈಗ ಕೆಲವು ಪ್ರಶ್ನೆಗಳು.

ಎರಡನ್ನೂ ಹಾಕಿದ ಮೇಲೆ ವಿಂಡೋಸ್‌ನಲ್ಲಿ ಟೈಮ್ ತಪ್ಪು ತೋರಿಸುತ್ತದೆ ಅಂತಾರೆ, ಹೌದಾ?

ಹೌದು. ಮದರ್‌ಬೋರ್ಡ್ ಗಡಿಯಾರದಲ್ಲಿ ಇರುವುದು ಸ್ಥಳೀಯ ಸಮಯ ಅಂತ ವಿಂಡೋಸ್ ನಂಬುತ್ತದೆ. ಲಿನಕ್ಸ್ ಅದರಲ್ಲಿ ಯುಟಿಸಿ, ಅಂದರೆ ಜಾಗತಿಕ ಸಮಯ, ಇಡುತ್ತದೆ. ನಮಗೂ ಯುಟಿಸಿಗೂ ಐದೂವರೆ ಗಂಟೆ ವ್ಯತ್ಯಾಸ. ಬೆಳಿಗ್ಗೆ 10ಕ್ಕೆ ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದರೆ 4:30 ತೋರಿಸುತ್ತದೆ. ಬ್ಯಾಟರಿ ಸೆಲ್ ಹೋಗಿದೆ ಅಂತ ಅಂಗಡಿಗೆ ಓಡಬೇಡಿ. ಲಿನಕ್ಸ್ ಟರ್ಮಿನಲ್‌ನಲ್ಲಿ "timedatectl set-local-rtc 1" ಕಮಾಂಡ್ ಕೊಟ್ಟರೆ ಸರಿಹೋಗುತ್ತದೆ. ಟ್ಯಾಲಿ ವೋಚರ್, ಜಿಎಸ್‌ಟಿ ಕೆಲಸ ಮಾಡುವವರು ಇದನ್ನು ಮೊದಲೇ ಮಾಡಿಕೊಳ್ಳಿ.

ವಿಂಡೋಸ್ ಅಪ್‌ಡೇಟ್ ಬಂದು ಲಿನಕ್ಸ್ ಹಾಳಾಗುತ್ತದಾ?

ಹಾಗೆ ಆಗಿದ್ದುಂಟು. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ಹಳೆಯ ಬೂಟ್ ಫೈಲ್‌ಗಳಿಗೆ ಸೆಕ್ಯೂರ್ ಬೂಟ್‌ನಲ್ಲಿ ತಡೆ ಹಾಕಿತು. ಎರಡೂ ಇರುವ ಯಂತ್ರಗಳಿಗೆ ಇದು ತಾಗುವುದಿಲ್ಲ ಅಂತ ಹೇಳಿದ್ದರೂ ಬಹಳ ಕಡೆ ಲಿನಕ್ಸ್ ಏಳಲಿಲ್ಲ. "ಸೆಕ್ಯೂರಿಟಿ ಪಾಲಿಸಿ ವಯೊಲೇಷನ್" ಅಂತ ಬಂದು ಯಂತ್ರ ಆಫ್ ಆಗುತ್ತಿತ್ತು. ಯಾರ ಫೈಲ್‌ಗಳಿಗೂ ಅದರಿಂದ ಕುತ್ತು ಬರಲಿಲ್ಲ, ಬಾಗಿಲು ಮಾತ್ರ ಮುಚ್ಚಿತ್ತು. ಸೆಕ್ಯೂರ್ ಬೂಟ್ ಸ್ವಲ್ಪ ಹೊತ್ತು ಆಫ್ ಮಾಡಿ ಸರಿಪಡಿಸಬೇಕಿತ್ತು. ಬಿಟ್‌ಲಾಕರ್ ಇದ್ದವರಿಗೆ ಆಗ ಅದೇ 48 ಅಂಕಿಗಳ ಕೀ ಬೇಕಾಗುತ್ತಿತ್ತು. ಲಿನಕ್ಸ್ ಅಪ್‌ಡೇಟ್‌ಗಳನ್ನೂ ಆಗಾಗ ಹಾಕಿಕೊಂಡಿರಿ ಅನ್ನುವುದು ಇದಕ್ಕೇ.

ಟ್ಯಾಲಿ, ಪೇಜ್‌ಮೇಕರ್, ಹಳೆಯ ನುಡಿ ಫೈಲ್‌ಗಳು?

ಟ್ಯಾಲಿ ಬೆಂಗಳೂರಿನದ್ದೇ ಆದರೂ ವಿಂಡೋಸ್‌ಗಾಗಿ ಮಾಡಿದ್ದು. ಪೇಜ್‌ಮೇಕರ್ ಕೂಡ ವಿಂಡೋಸ್‌ನಲ್ಲೇ ಇರಲಿ. ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳಿ ಅಂತ ನಾನು ಹೇಳುವುದು ಇಂಥ ಕೆಲಸಗಳಿಗಾಗಿಯೇ. ಹಳೆಯ ನುಡಿ ಫೈಲ್‌ಗಳ ವಿಷಯ ಬೇರೆ. ಅವುಗಳ ಒಳಗೆ ಇರುವುದು ಕನ್ನಡ ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೈಲ್ ಕೆಟ್ಟಿಲ್ಲ. ವಿಂಡೋಸ್‌ನಿಂದ ಆ ಫಾಂಟನ್ನು ತಂದು ಲಿನಕ್ಸ್‌ನಲ್ಲಿ ಹಾಕಿದರೆ ಲಿಬ್ರೆ ಆಫೀಸ್‌ನಲ್ಲಿ ಕನ್ನಡ ಬರುತ್ತದೆ. ಆದರೆ ಎಷ್ಟೋ ವರ್ಷದ ಬರಹ ಹಾಗೆ ಇಟ್ಟಿರುವವರಿಗೆ ನನ್ನ ಬೇಡಿಕೆ: ದಯವಿಟ್ಟು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಯಾವ ಸಿಸ್ಟಮ್ ಬಳಸಿದರೂ ಆ ಬರಹ ಓದಲು ಸಿಗಬೇಕು.

ಬೇಡ ಅನಿಸಿದರೆ ಲಿನಕ್ಸ್ ತೆಗೆಯುವುದು ಹೇಗೆ?

ಇದಕ್ಕೊಂದು ಕ್ರಮ ಇದೆ. ನೇರವಾಗಿ ಲಿನಕ್ಸ್ ಪಾರ್ಟಿಷನ್ ಅಳಿಸಬೇಡಿ. ಅಳಿಸಿದರೆ ಮುಂದಿನ ಸಲ ಕಪ್ಪು ಪರದೆಯಲ್ಲಿ "ಗ್ರಬ್" ಅಂತ ಬಂದು ನಿಲ್ಲುತ್ತದೆ, ಏಕೆಂದರೆ ಗ್ರಬ್ ಅನ್ನುವ ಲಿನಕ್ಸ್‌ನ ಬೂಟ್ ಮೆನು ಅಳಿಸಿಹೋದ ಜಾಗದಲ್ಲಿ ತನ್ನ ಫೈಲ್ ಹುಡುಕುತ್ತಿರುತ್ತದೆ. ಮೊದಲು ಬಯೋಸ್‌ಗೆ ಹೋಗಿ ಬೂಟ್ ಕ್ರಮದಲ್ಲಿ "ವಿಂಡೋಸ್ ಬೂಟ್ ಮ್ಯಾನೇಜರ್" ಮೇಲಕ್ಕೆ ತನ್ನಿ. ವಿಂಡೋಸ್ ನೇರವಾಗಿ ಏಳುವುದನ್ನು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಲಿನಕ್ಸ್‌ನ ಪಾರ್ಟಿಷನ್ ಅಳಿಸಿ. ಪಕ್ಕದಲ್ಲೇ ಇರುವ 100 ಎಂಬಿಯಷ್ಟರ ಇಎಫ್‌ಐ ಪಾರ್ಟಿಷನ್ ಮಾತ್ರ ಮುಟ್ಟಬೇಡಿ, ವಿಂಡೋಸ್ ಏಳುವುದೂ ಅದರಿಂದಲೇ. ಉಳಿದ ಖಾಲಿ ಜಾಗ ಸಿ ಡ್ರೈವ್‌ನ ಬಲಕ್ಕೆ ಅಂಟಿಕೊಂಡಿದ್ದರೆ "ಎಕ್ಸ್‌ಟೆಂಡ್ ವಾಲ್ಯೂಮ್" ಕೊಟ್ಟು ಸೇರಿಸಿಕೊಳ್ಳಬಹುದು.

ಅವಸರದಲ್ಲಿ ಅಳಿಸಿಯೇಬಿಟ್ಟಿದ್ದರೆ?

ಆನ್ ಆಗುವಾಗ ಎಫ್12 ಅಥವಾ ನಿಮ್ಮ ಯಂತ್ರದ ಬೂಟ್ ಕೀ ಒತ್ತಿ, ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ. ವಿಂಡೋಸ್ ಅಲ್ಲೇ ಇರುತ್ತದೆ.